ಜಪಾನಿನ ಮಕ್ಕಳ ಇಂಗ್ಲಿಷ್ ಆಟಗಳು: ಗದ್ದಲವೋ, ಪಾಠವೋ?



ಆಟ, ಪಾಠ ಎಂಬ ಎರಡು ಮಾತುಗಳನ್ನು ನಮ್ಮ ಭಾಷೆ ಜೋಡಿಯಾಗಿಯೇ ಉಚ್ಚರಿಸುತ್ತದೆ. ನಮ್ಮ ಶಾಲೆಗಳು ಮಾತ್ರ ಅವೆರಡನ್ನೂ ಗಂಟೆಯ ಸದ್ದಿನಿಂದ ಬೇರ್ಪಡಿಸಿಬಿಟ್ಟಿವೆ. ಗಂಟೆ ಬಾರಿಸಿತೆಂದರೆ ಆಟ ಮುಗಿಯಿತು, ಪಾಠ ಮೊದಲಾಯಿತು. ತರಗತಿಯೊಳಗೆ ಮಕ್ಕಳು ಗಟ್ಟಿಯಾಗಿ ನಕ್ಕರೆ ಪಕ್ಕದ ಕೊಠಡಿಯ ಶಿಕ್ಷಕರು ಇಣುಕಿ ನೋಡುತ್ತಾರೆ. ಮನೆಗೆ ಬಂದ ಮಗು “ಇವತ್ತು ಮೇಷ್ಟ್ರು ಆಟ ಆಡಿಸಿದರು” ಎಂದರೆ ತಂದೆತಾಯಿ ಮನಸ್ಸಿನಲ್ಲೇ ಶುಲ್ಕದ ಲೆಕ್ಕ ಹಾಕುತ್ತಾರೆ. ಹೀಗಿರುವಾಗ, ಶಿಸ್ತಿಗೆ ಹೆಸರಾದ ಜಪಾನ್ ತನ್ನ ಪುಟ್ಟ ಮಕ್ಕಳಿಗೆ ಇಂಗ್ಲಿಷನ್ನು ಬಹುಪಾಲು ಆಟಗಳ ಮೂಲಕವೇ ಪರಿಚಯಿಸುತ್ತಿದೆ ಎಂದರೆ ನಮ್ಮಲ್ಲಿ ಹಲವರಿಗೆ ಅಚ್ಚರಿಯಾದೀತು. ಆ ಆಟಗಳಲ್ಲಿ ಕಾಳೂ ಇದೆ, ಜೊಳ್ಳೂ ಇದೆ. ಎರಡನ್ನೂ ಬೇರ್ಪಡಿಸುವ ಮೊರ ಯಾವುದು ಎಂಬುದನ್ನು ಕುರಿತು ನನಗೆ ತೋಚಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಹಿನ್ನೆಲೆ. ಜಪಾನಿನಲ್ಲಿ ಪ್ರಾಥಮಿಕ ಶಾಲೆ ಆರು ವರ್ಷಗಳದು. ಬಹುಕಾಲ ಅಲ್ಲಿನ ಸರ್ಕಾರಿ ಶಾಲೆಯ ಮಕ್ಕಳು ಇಂಗ್ಲಿಷಿನ ಮುಖ ನೋಡುತ್ತಿದ್ದುದು ಏಳನೆಯ ವರ್ಷದಲ್ಲಿ, ಕಿರಿಯ ಪ್ರೌಢಶಾಲೆಗೆ ಕಾಲಿಟ್ಟ ಮೇಲೆ. ಅಲ್ಲಿಯೂ ವ್ಯಾಕರಣ, ಅನುವಾದ, ಪ್ರವೇಶ ಪರೀಕ್ಷೆಯ ಸಿದ್ಧತೆ ಇವೇ ಪ್ರಧಾನವಾಗಿದ್ದವು. ವರ್ಷಗಟ್ಟಲೆ ಓದಿಯೂ ಒಂದು ವಾಕ್ಯ ಆಡಲು ಬಾಯಿ ಬರುವುದಿಲ್ಲ ಎಂಬ ಕೊರಗು ಅಲ್ಲಿನವರಿಗೆ ಹಳೆಯದು. 1987ರಲ್ಲಿ ಅಲ್ಲಿನ ಸರ್ಕಾರ ‘ಜೆಟ್’ ಎಂಬ ಯೋಜನೆಯನ್ನು ಆರಂಭಿಸಿ ನಾಲ್ಕು ಇಂಗ್ಲಿಷ್ ದೇಶಗಳಿಂದ 848 ಮಂದಿಯನ್ನು ಕರೆಸಿಕೊಂಡಿತು. ಅವರಲ್ಲಿ ಬಹುಪಾಲು ಜನ ಶಾಲೆಗಳಿಗೆ ಸಹಾಯಕ ಭಾಷಾಶಿಕ್ಷಕರಾಗಿ ಹೋದರು. 2002ರಲ್ಲಿ ಪ್ರಾಥಮಿಕ ಶಾಲೆಗಳ ವೇಳಾಪಟ್ಟಿಗೆ ‘ಸಮಗ್ರ ಅಧ್ಯಯನದ ಅವಧಿ’ ಸೇರಿತು. ಇಷ್ಟವಿದ್ದ ಶಾಲೆಗಳು ಅದರಲ್ಲಿಯೇ ಇಂಗ್ಲಿಷ್ ಸಂಭಾಷಣೆಗೆ ಜಾಗ ಮಾಡಿಕೊಂಡವು. 2011ರ ಏಪ್ರಿಲ್‌ನಿಂದ 5 ಮತ್ತು 6ನೆಯ ತರಗತಿಗಳಿಗೆ ‘ವಿದೇಶಿ ಭಾಷಾ ಚಟುವಟಿಕೆ’ ಕಡ್ಡಾಯವಾಯಿತು. ವರ್ಷಕ್ಕೆ 35 ಅವಧಿ, ಅಂದರೆ ವಾರಕ್ಕೊಂದು, ಅಂಕಗಳಿಲ್ಲ. 2020ರ ಏಪ್ರಿಲ್‌ನಿಂದ ಈ ಚಟುವಟಿಕೆ 3 ಮತ್ತು 4ನೆಯ ತರಗತಿಗೆ ಇಳಿಯಿತು. 5, 6ನೆಯ ತರಗತಿಗಳಲ್ಲಿ ಇಂಗ್ಲಿಷ್, ಪಠ್ಯಪುಸ್ತಕ ಮತ್ತು ಮೌಲ್ಯಮಾಪನಗಳುಳ್ಳ ಪೂರ್ಣ ವಿಷಯವಾಗಿ ವರ್ಷಕ್ಕೆ 70 ಅವಧಿಗಳನ್ನು ಪಡೆಯಿತು.

ಇದನ್ನು ಕಲಿಸಬೇಕಾದ ಹೊಣೆ ಮುಖ್ಯವಾಗಿ ಬಿದ್ದದ್ದು ತರಗತಿಯ ಶಿಕ್ಷಕರ ಮೇಲೆಯೇ. ಗಣಿತ, ವಿಜ್ಞಾನ, ಜಪಾನಿ ಭಾಷೆ, ಚಿತ್ರಕಲೆ ಎಲ್ಲವನ್ನೂ ಒಬ್ಬರೇ ಕಲಿಸುವ ಈ ಶಿಕ್ಷಕರಲ್ಲಿ ಅನೇಕರು ಇಂಗ್ಲಿಷ್ ಬೋಧನೆಯ ತರಬೇತಿ ಪಡೆದವರಲ್ಲ. ವಾರದಲ್ಲಿ ಒಂದೋ ಎರಡೋ ಬಾರಿ ಬರುವ ವಿದೇಶಿ ಸಹಾಯಕರು ಭಾಷೆಯನ್ನು ಬಲ್ಲವರು, ಮಕ್ಕಳನ್ನು ಬಲ್ಲವರಲ್ಲ. ಈ ಇಬ್ಬರ ನಡುವೆ ಸೇತುವೆಯಾಗಿ ಒದಗಿದ್ದು ಆಟ. ನಿಯಮಗಳು ಮಕ್ಕಳಿಗೆ ಮೊದಲೇ ಗೊತ್ತಿದ್ದರೆ ವಿವರಣೆಗೆ ಕಾಲ ಹಾಳಾಗುವುದಿಲ್ಲ. ಆದ್ದರಿಂದ ಜಪಾನಿನ ಮನೆಯಂಗಳದ ಆಟಗಳೇ ಇಂಗ್ಲಿಷ್ ವೇಷ ತೊಟ್ಟು ತರಗತಿಗೆ ಬಂದವು.

ಅವುಗಳಲ್ಲಿ ಹಿರಿಯದು ‘ಕರುತ’. ಹೆಸರು ಹದಿನಾರನೆಯ ಶತಮಾನದಲ್ಲಿ ಬಂದ ಪೋರ್ಚುಗೀಸರದು, ಆಟ ಮಾತ್ರ ಅಪ್ಪಟ ಜಪಾನಿನದು. ಒಬ್ಬರು ಓದುತ್ತಾರೆ, ನೆಲದ ಮೇಲೆ ಹರಡಿದ ಎಲೆಗಳಲ್ಲಿ ಅದಕ್ಕೆ ಹೊಂದುವುದನ್ನು ಉಳಿದವರು ಎಲ್ಲರಿಗಿಂತ ಮೊದಲು ತಟ್ಟಿ ಎತ್ತಿಕೊಳ್ಳಬೇಕು. ಹೊಸ ವರ್ಷದ ದಿನಗಳಲ್ಲಿ ನೂರು ಕವಿಗಳ ನೂರು ಪದ್ಯಗಳನ್ನಿಟ್ಟುಕೊಂಡು ದೊಡ್ಡವರೂ ಇದನ್ನು ಆಡುತ್ತಾರೆ. ಗುನ್ಮಾ ಪ್ರಾಂತದಲ್ಲಿ 1947ರಲ್ಲಿ ಪ್ರಕಟವಾದ 44 ಎಲೆಗಳ ಕರುತವೊಂದಿದೆ. ಅಲ್ಲಿನ ಮಕ್ಕಳು ತಮ್ಮ ನಾಡಿನ ಬೆಟ್ಟ, ನದಿ, ಮಹನೀಯರನ್ನು ಅದರ ಮೂಲಕವೇ ಬಾಯಿಪಾಠ ಮಾಡಿಕೊಳ್ಳುತ್ತಾರೆ. ಇನ್ನು ‘ಜಾಂಕೆನ್’, ನಮ್ಮ ಮಕ್ಕಳ ಕಲ್ಲು-ಕಾಗದ-ಕತ್ತರಿ. ಜಪಾನಿನಲ್ಲಿ ಯಾರು ಮೊದಲು ಎಂಬ ಪ್ರಶ್ನೆ ಬಂದರೆ ಇದೇ ನ್ಯಾಯಾಲಯ. ‘ಸುಗೊರೊಕು’ ನಮ್ಮ ಹಾವು-ಏಣಿಯ ದಾಯಾದಿ. ‘ಶಿರಿತೊರಿ’ ಎಂಬುದು ಅಂತ್ಯಾಕ್ಷರಿಯ ಜಾತಿಯದು. ಹಾಡಿನ ಬದಲು ಪದದ ಕೊನೆಯ ಅಕ್ಷರದಿಂದ ಮುಂದಿನ ಪದ ಹುಟ್ಟಬೇಕು. ಇಂಥ ಆಟಗಳ ನಾಡಿನಲ್ಲಿ ಇಂಗ್ಲಿಷ್ ಪಾಠವೂ ಆಟವಾದದ್ದು ಸಹಜವೇ.

ನಾನು ಇದನ್ನು ಕಣ್ಣಾರೆ ಕಂಡದ್ದು 2023ರಲ್ಲಿ. ನನ್ನ ಮಗಳ ಸಂಸಾರ ಟೋಕಿಯೊದ ಎದೊಗಾವಾ ವಾರ್ಡಿನ ನಿಶಿ-ಕಸಾಯಿಯಲ್ಲಿದೆ. ಭಾರತದ ಕಂಪ್ಯೂಟರ್ ತಂತ್ರಜ್ಞರ ಕುಟುಂಬಗಳು 2000ದ ಆಸುಪಾಸಿನಿಂದ ಹೆಚ್ಚು ಹೆಚ್ಚಾಗಿ ಬಂದು ನೆಲೆಸಿದ ಬಡಾವಣೆ ಅದು. ಅಲ್ಲಿ ಭಾರತೀಯ ಪಠ್ಯಕ್ರಮದ ಶಾಲೆಗಳೂ ಇವೆ. ಆದರೆ ನನ್ನ ಮೊಮ್ಮಗಳು ಹೋಗುವುದು ಮನೆಯ ಹತ್ತಿರದ ಸರ್ಕಾರಿ ಪ್ರಾಥಮಿಕ ಶಾಲೆಗೆ. ಆಗ ಅವಳು 4ನೆಯ ತರಗತಿಯಲ್ಲಿದ್ದಳು. ಜಪಾನಿನ ಶಾಲೆಗಳಲ್ಲಿ ವರ್ಷದ ಕೆಲವು ದಿನ ಪೋಷಕರು ತರಗತಿಯ ಹಿಂಬದಿಯಲ್ಲಿ ನಿಂತು ಪಾಠ ನೋಡಬಹುದು. ಶಾಲೆಯವರ ಅನುಮತಿ ಪಡೆದು, ಬೂಟು ಬಿಚ್ಚಿಟ್ಟು, ಅವರು ಕೊಟ್ಟ ಚಪ್ಪಲಿ ಮೆಟ್ಟಿಕೊಂಡು ನಾನೂ ಮಗಳೊಡನೆ ನಿಂತೆ.

ಆ ದಿನ ಮೊದಲು ನಡೆದದ್ದು ‘ಕೀವರ್ಡ್’ ಆಟ. ಇಬ್ಬಿಬ್ಬರು ಮಕ್ಕಳು ಎದುರುಬದುರಾಗಿ ಕುಳಿತರು, ನಡುವೆ ಒಂದು ಅಳಿಸುವ ರಬ್ಬರು. ಶಿಕ್ಷಕಿ ಒಂದು ಪದವನ್ನು ಗುಟ್ಟಿನ ಪದವೆಂದು ಗೊತ್ತುಮಾಡಿದರು. ಆಮೇಲೆ ಒಂದೊಂದೇ ಪದ ಹೇಳುತ್ತ ಹೋದಂತೆ ಮಕ್ಕಳು ಎರಡು ಚಪ್ಪಾಳೆ ತಟ್ಟಿ ಪುನರುಚ್ಚರಿಸಬೇಕು. ಗುಟ್ಟಿನ ಪದ ಕಿವಿಗೆ ಬಿದ್ದೊಡನೆ ಮಾತಾಡದೆ ರಬ್ಬರನ್ನು ಕಸಿಯಬೇಕು. ಬಳಿಕ ಮೇಜುಗಳನ್ನು ಗೋಡೆಗೆ ಸರಿಸಿ, ಕುರ್ಚಿಗಳನ್ನು ವೃತ್ತಾಕಾರದಲ್ಲಿಟ್ಟು ‘ಫ್ರೂಟ್ಸ್ ಬಾಸ್ಕೆಟ್’ ಆಡಿಸಿದರು. ಕುರ್ಚಿಗಳು ಮಕ್ಕಳಿಗಿಂತ ಒಂದು ಕಡಿಮೆ. ನಡುವೆ ನಿಂತ ಮಗು “ಐ ಲೈಕ್…” ಎಂದು ತನಗಿಷ್ಟವಾದುದನ್ನು ಹೇಳಬೇಕು, ಅದು ತಮಗೂ ಇಷ್ಟವೆನ್ನುವವರೆಲ್ಲ ಎದ್ದು ಜಾಗ ಬದಲಿಸಬೇಕು. ಆ ಗಲಿಬಿಲಿಯಲ್ಲಿ ಕುರ್ಚಿ ಸಿಗದೆ ಉಳಿದವರು ಮುಂದಿನ ಮಾತುಗಾರರು.

ಹೀಗೆ ಉಳಿದವನೊಬ್ಬ ತೀರ ಸಂಕೋಚದ ಹುಡುಗ. ನಡುವೆ ನಿಂತು ತನ್ನ ಚಪ್ಪಲಿಯನ್ನೇ ನೋಡತೊಡಗಿದ. ತರಗತಿ ಸ್ತಬ್ಧವಾಯಿತು. ಶಿಕ್ಷಕಿ ಹೋಗಿ ಅವನ ಪಕ್ಕದಲ್ಲಿ ನಿಂತರು. ಉತ್ತರ ಹೇಳಿಕೊಡಲಿಲ್ಲ, ಗದರಲಿಲ್ಲ, ಸುಮ್ಮನೆ ನಿಂತರು. ಹುಡುಗ ಮೆಲ್ಲಗೆ “ಐ ಲೈಕ್ ರಾಮೆನ್” ಎಂದ. ರಾಮೆನ್ ಎಂದರೆ ಅಲ್ಲಿನವರಿಗೆ ಪ್ರಾಣವಾದ ಶಾವಿಗೆಯ ಸಾರು. ಮೂವತ್ತು ಮಕ್ಕಳೂ ಒಮ್ಮೆಲೇ ಎದ್ದು ಓಡಿದರು. ಹುಡುಗನ ಮುಖದ ಮೇಲೆ ಮೂಡಿದ ಬೆರಗನ್ನು ನಾನು ಬಣ್ಣಿಸಲಾರೆ. ಅವನ ಬಾಯಿಂದ ಹೊರಟ ಮೂರು ಪದಗಳು ಇಡೀ ತರಗತಿಯನ್ನು ಎಬ್ಬಿಸಿ ಓಡಿಸಿದ್ದವು. ಭಾಷೆ ಎಂದರೆ ಏನೆಂದು ಯಾವ ವ್ಯಾಕರಣವೂ ಅವನಿಗೆ ಇದಕ್ಕಿಂತ ಚೆನ್ನಾಗಿ ಹೇಳಲಾರದು.

ಶಾಲೆಯಿಂದ ಹಿಂದಿರುಗುವಾಗ ಮಗಳು ಬೇರೆಯೇ ಲೆಕ್ಕ ಹೇಳಿದಳು. “ಅಪ್ಪಾ, ನೋಡಿದ್ರಲ್ಲ? ಮುಕ್ಕಾಲು ಗಂಟೆಗೆ ಇವರು ಕಲಿಸಿದ್ದು ಹತ್ತು ಪದ. ಬೆಂಗಳೂರಿನಲ್ಲಿ ಇವಳ ಓರಗೆಯ ಮಕ್ಕಳು ಪ್ರಬಂಧ ಬರೆಯುತ್ತಿದ್ದಾರೆ” ಎಂದಳು. ಮಗಳನ್ನು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಬದಲಿಸುವ ಯೋಚನೆ ಅವಳದು. ಅವಳ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಮಕ್ಕಳ ಬಾಲ್ಯದ ವರ್ಷಗಳು ಎರಡನೆಯ ಸಲ ಬರುವುದಿಲ್ಲ. ಅವನ್ನು ರಬ್ಬರು ಕಸಿಯುವುದರಲ್ಲಿ ಕಳೆಯುವುದು ಸರಿಯೇ?

ನನ್ನ ಉತ್ತರ ಹೀಗಿದೆ. ಒಂದು ಆಟ ಒಳ್ಳೆಯದೋ ಅಲ್ಲವೋ ಎಂದು ಅಳೆಯಬೇಕಾದದ್ದು ಮಕ್ಕಳ ನಗುವಿನಿಂದಲ್ಲ, ಕಲಿತ ಪದಗಳ ಎಣಿಕೆಯಿಂದಲೂ ಅಲ್ಲ. ಆ ಆಟದಲ್ಲಿ ಮುಂದೆ ಹೋಗಬೇಕಾದರೆ ಮಗುವಿಗೆ ಆ ಭಾಷೆ ಬೇಕೇಬೇಕೇ ಎಂಬುದೊಂದೇ ಒರೆಗಲ್ಲು. ಜಪಾನಿನ ಮಗುವಿಗೆ ಇಂಗ್ಲಿಷ್ ಎಲ್ಲಿ ಬೇಕು? ಮನೆಯಲ್ಲಿ ಬೇಡ, ಅಂಗಡಿಯಲ್ಲಿ ಬೇಡ, ರೈಲಿನಲ್ಲಿ ಬೇಡ, ಗೆಳೆಯರೊಡನೆ ಬೇಡ. ಅಲ್ಲಿ ವೈದ್ಯಶಾಸ್ತ್ರವನ್ನೂ ತಂತ್ರಶಾಸ್ತ್ರವನ್ನೂ ಸ್ವಂತ ಭಾಷೆಯಲ್ಲೇ ಓದಬಹುದು. ಬೇಡವಾದ ಭಾಷೆಯನ್ನು ಯಾವ ಮಗುವೂ ಕಲಿಯುವುದಿಲ್ಲ. ‘ಮುಂದೆ ದೊಡ್ಡವನಾದಾಗ ಬೇಕಾಗುತ್ತದೆ’ ಎಂಬ ಮಾತು ಹತ್ತು ವರ್ಷದ ಮಗುವಿನ ಕಿವಿಗೆ ಬೀಳುವುದೇ ಇಲ್ಲ. ಹಾಗಾಗಿ ಬೇಕು ಎಂಬ ಸ್ಥಿತಿಯನ್ನು ಶಿಕ್ಷಕ ತರಗತಿಯೊಳಗೆ ತಾನೇ ಕಟ್ಟಬೇಕು. ಹಾಗೆ ಕಟ್ಟಿದ ಬೇಕೇ ಆಟ. ಕಹಿ ಔಷಧಿಯ ಮೇಲೆ ಸವರಿದ ಬೆಲ್ಲವೆಂದು ಆಟವನ್ನು ತಿಳಿದವರು ಅದರ ಬೆಲೆಯನ್ನು ಅರಿಯಲಾರರು.

ಈ ಒರೆಗಲ್ಲಿಗೆ ಹಚ್ಚಿದರೆ ಹಲವು ಆಟಗಳ ಬಣ್ಣ ಬಯಲಾಗುತ್ತದೆ. ಕರುತವನ್ನೇ ನೋಡಿ. ಶಿಕ್ಷಕಿ “ಆಪಲ್” ಎನ್ನುತ್ತಾರೆ, ಹತ್ತು ಕೈಗಳು ಸೇಬಿನ ಚಿತ್ರದ ಮೇಲೆ ಬೀಳುತ್ತವೆ. ಮಾತಾಡಿದವರು ಶಿಕ್ಷಕಿಯೊಬ್ಬರೇ. ಗೆದ್ದದ್ದು ಚುರುಕಾದ ಕೈ. ಮೂರು ಸುತ್ತು ಮುಗಿದ ಮೇಲೆ ಉಳಿದ ಎಲೆಗಳು ಯಾವುವೆಂದು ಮಕ್ಕಳಿಗೆ ಗೊತ್ತಿರುತ್ತದೆ, ಆಗ ಕಿವಿಯೂ ಬೇಡ. ಅದೇ ಆಟದಲ್ಲಿ ಶಿಕ್ಷಕಿ ಹೆಸರು ಹೇಳದೆ “ಅದು ಕೆಂಪಗಿದೆ, ಗುಂಡಗಿದೆ, ಅದೊಂದು ಹಣ್ಣು” ಎಂದು ಸರಳ ಇಂಗ್ಲಿಷಿನಲ್ಲಿ ಒಗಟು ಹಾಕಿದರೆ ಮಗು ಪೂರ್ತಿ ಕೇಳಲೇಬೇಕು. ಅಂಥ ಒಗಟನ್ನು ಮಕ್ಕಳೇ ಸರದಿಯಂತೆ ಹೇಳಿದರೆ ಇನ್ನೂ ಒಳ್ಳೆಯದು. ಚಿತ್ರಗಳು ಅವೇ, ನಿಯಮದಲ್ಲಿ ಒಂದೇ ಒಂದು ತಿರುವು; ಕೈಯ ಆಟ ಕಿವಿಯ ಆಟವಾಯಿತು, ಕಿವಿಯ ಆಟ ಬಾಯಿಯ ಆಟವಾಯಿತು.

ಇನ್ನೊಂದು ಉದಾಹರಣೆ ಸಹಿ ಸಂಗ್ರಹಿಸುವ ಆಟ. ಮಕ್ಕಳು ಕಾಗದ ಹಿಡಿದು ತರಗತಿಯಲ್ಲಿ ಸುತ್ತಾಡುತ್ತಾರೆ, ಎದುರಾದವರೊಡನೆ ಜಾಂಕೆನ್ ಆಡುತ್ತಾರೆ, ಗೆದ್ದವನು “ನಿನ್ನ ಹುಟ್ಟುಹಬ್ಬ ಯಾವಾಗ?” ಎಂದು ಇಂಗ್ಲಿಷಿನಲ್ಲಿ ಕೇಳಿ ಉತ್ತರ ಪಡೆದು ಸಹಿ ಹಾಕಿಸಿಕೊಳ್ಳುತ್ತಾನೆ. ಹೆಚ್ಚು ಸಹಿ ಯಾರದೋ ಅವರು ಗೆದ್ದಂತೆ. ನೋಡುವವರಿಗೆ ಇದು ಮಾತಿನ ಜಾತ್ರೆ. ಹತ್ತಿರ ಹೋಗಿ ಕೇಳಿದರೆ ಪ್ರಶ್ನೆ ಅರ್ಧಕ್ಕೇ ನಿಂತಿರುತ್ತದೆ, ಉತ್ತರ ಜಪಾನಿಯಲ್ಲಿರುತ್ತದೆ, ಸಹಿ ಮಾತ್ರ ಬಿದ್ದಿರುತ್ತದೆ. ತಪ್ಪು ಮಕ್ಕಳದಲ್ಲ. ಗೆಲುವು ಸಹಿಯ ಎಣಿಕೆಯಲ್ಲಿದ್ದರೆ ಮಾತು ದಾರಿಗೆ ಅಡ್ಡವಾದ ಕಲ್ಲು, ಜಾಣ ಮಗು ಅದನ್ನು ಹಾರಿಯೇ ಹೋಗುತ್ತದೆ. ಇದನ್ನೇ ‘ನಿನ್ನ ತಿಂಗಳಲ್ಲಿ ಹುಟ್ಟಿದ ಇಬ್ಬರನ್ನು ಹುಡುಕಿ ತಾ’ ಎಂದು ಬದಲಿಸಿ ನೋಡಿ. ಈಗ ಉತ್ತರವನ್ನು ಕೇಳಿಸಿಕೊಳ್ಳದೆ ಗತಿಯಿಲ್ಲ. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದಾಗ ಮಾತ್ರ ಮಾತಿಗೆ ಕೆಲಸವಿರುತ್ತದೆ. ನಾಲ್ಕನೆಯ ತರಗತಿಯ ಪಾಠಗಳಲ್ಲಿ ಅಂಗಡಿಯಾಟವೊಂದು ಬರುತ್ತದೆ. ಮಕ್ಕಳು “ವಾಟ್ ಡು ಯು ವಾಂಟ್?” ಎಂದು ಕೇಳಿ, ಬೇಕಾದ ತರಕಾರಿಯ ಚಿತ್ರಗಳನ್ನು ಕೊಂಡು ತಮ್ಮ ಇಷ್ಟದ ಪಿಜ್ಜಾ ಜೋಡಿಸುತ್ತಾರೆ. ಕೇಳದಿದ್ದರೆ ಟೊಮೇಟೊ ಸಿಗದು. ನನ್ನ ಮಟ್ಟಿಗೆ ಇಂಥವು ಅಲ್ಲಿನ ಆಟಗಳಲ್ಲಿ ಶ್ರೇಷ್ಠ.

ಹಾಗಾದರೆ ರಬ್ಬರು ಕಸಿಯುವ ಕೀವರ್ಡ್ ಆಟ ಪೊಳ್ಳೇ? ಅರ್ಥ ತಿಳಿಯದೆಯೂ ಅದನ್ನು ಗೆಲ್ಲಬಹುದು, ನಿಜ. ಆದರೆ ಅದಕ್ಕೂ ಒಂದು ಜಾಗವಿದೆ, ಅದು ಕಿವಿಯ ತರಬೇತಿ. ಜಪಾನಿ ಭಾಷೆಯ ಪದಗಳು ಹೆಚ್ಚಾಗಿ ಸ್ವರಾಂತ. ಹೀಗಾಗಿ ಇಂಗ್ಲಿಷ್ ಪದಗಳೂ ಅವರ ಬಾಯಲ್ಲಿ ಸ್ವರ ಸೇರಿಸಿಕೊಳ್ಳುತ್ತವೆ. ‘ಸ್ಟ್ರೈಕ್’ ಎಂಬ ಒಂದೇ ಉಸಿರಿನ ಪದ ‘ಸು-ತೊ-ರಾ-ಇ-ಕು’ ಎಂದು ಐದು ಮಾತ್ರೆಯಾಗುತ್ತದೆ. ಬಸ್ಸು, ಕಾರು, ಪೆನ್ನು, ಬುಕ್ಕು ಎನ್ನುವ ಕನ್ನಡಿಗರಾದ ನಾವು ಇದಕ್ಕೆ ನಗುವಂತಿಲ್ಲ. ನಮ್ಮ ನುಡಿಯ ಜಾಯಮಾನವೂ ಅದೇ. ಆದರೆ ಅವರಿಗೆ ಇನ್ನೂ ಒಂದು ತೊಡಕಿದೆ. ಅವರ ಲಿಪಿಗೆ ಇಳಿದಾಗ ಟೋಪಿಯಾದ ‘ಹ್ಯಾಟ್’, ಗುಡಿಸಲಾದ ‘ಹಟ್’ ಎರಡೂ ಒಂದೇ ಆಗುತ್ತವೆ; ಪ್ರಯಾಣದ ‘ಬಸ್’, ಸ್ನಾನದ ‘ಬಾತ್’ ಒಂದೇ ಆಗುತ್ತವೆ; ಬೆಳಕಿನ ‘ಲೈಟ್’, ಬಲಬದಿಯ ‘ರೈಟ್’ ಒಂದೇ ಆಗುತ್ತವೆ. ಶಿಕ್ಷಕಿ ಸೇಬು, ಬಾಳೆಹಣ್ಣು, ದ್ರಾಕ್ಷಿ ಎಂದು ಪದಗಳನ್ನು ಹೇಳುವ ಬದಲು ಹ್ಯಾಟ್-ಹಟ್, ಬಸ್-ಬಾತ್ ಜೋಡಿಗಳನ್ನು ಬೆರೆಸಿ ಹೇಳಿದರೆ ಅದೇ ರಬ್ಬರಿನ ಆಟ ಸೂಕ್ಷ್ಮವಾದ ಧ್ವನಿಪಾಠವಾಗುತ್ತದೆ. ಕಿವಿ ಬೇರ್ಪಡಿಸಲಾರದ್ದನ್ನು ನಾಲಿಗೆ ಬೇರ್ಪಡಿಸಲಾರದು.

ಮೈಯಾಡಿಸಿ ಕಲಿಸುವ ಈ ಕ್ರಮ ನಿನ್ನೆ ಮೊನ್ನೆಯದಲ್ಲ. ಹೆರಾಲ್ಡ್ ಪಾಮರ್ ಎಂಬ ಆಂಗ್ಲ ಭಾಷಾತಜ್ಞ 1922ರಲ್ಲಿ ಜಪಾನಿಗೆ ಹೋಗಿ 1936ರವರೆಗೆ ಅಲ್ಲಿದ್ದ. 1923ರಲ್ಲಿ ಟೋಕಿಯೊದಲ್ಲಿ ಇಂಗ್ಲಿಷ್ ಬೋಧನೆಯ ಸಂಶೋಧನ ಸಂಸ್ಥೆಯೊಂದು ಅವನ ನೇತೃತ್ವದಲ್ಲಿ ಹುಟ್ಟಿತು. 1925ರಲ್ಲಿ ತನ್ನ ಮಗಳೊಡನೆ ಸೇರಿ ಅವನು ಬರೆದ ‘ಇಂಗ್ಲಿಷ್ ಥ್ರೂ ಆ್ಯಕ್ಷನ್ಸ್’ ಪುಸ್ತಕದಲ್ಲಿ ಶಿಕ್ಷಕ ಆಜ್ಞಾಪಿಸುವುದು, ಮಕ್ಕಳು ಎದ್ದು ನಡೆದು ಮಾಡಿ ತೋರಿಸುವುದು ಒಂದು ಮುಖ್ಯ ಕ್ರಮ. ಮುಂದೆ 1960ರ ದಶಕದಲ್ಲಿ ಅಮೆರಿಕದ ಜೇಮ್ಸ್ ಆಶರ್ ಇಂಥದೇ ಕ್ರಮಕ್ಕೆ ಶಾಸ್ತ್ರದ ರೂಪ ಕೊಟ್ಟಾಗ ಅವನ ಮೊದಮೊದಲಿನ ಪ್ರಯೋಗಗಳಲ್ಲಿ ಒಂದು, ಅಮೆರಿಕದ ವಿದ್ಯಾರ್ಥಿಗಳಿಗೆ ಜಪಾನಿ ಭಾಷೆ ಕಲಿಸುವುದೇ ಆಗಿತ್ತು. ಇಂದು ಜಪಾನಿನ ತರಗತಿಗಳಲ್ಲಿ ಆಡುವ ‘ಸೈಮನ್ ಸೇಸ್’ ಈ ಕುಲದ್ದು. ನಮ್ಮ ಹಳ್ಳಿಯ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೆರೆ-ದಡ ಆಡಿದವರೆಲ್ಲರೂ ಇದನ್ನು ಬಲ್ಲರು.

ಆದರೆ ಕೆರೆ-ದಡದಲ್ಲಿ ಒಂದು ಕುಂದಿದೆ, ಅದೇ ಕುಂದು ‘ಸೈಮನ್ ಸೇಸ್’ನಲ್ಲಿಯೂ ಇದೆ. ತಪ್ಪಿದವನು ಔಟು. ಮೊದಲು ಔಟಾಗುವವನು ಯಾರು? ಭಾಷೆ ಬಾರದವನು. ಯಾರಿಗೆ ಅಭ್ಯಾಸ ಎಲ್ಲರಿಗಿಂತ ಹೆಚ್ಚು ಬೇಕೋ ಅವನು ಮೂಲೆಯಲ್ಲಿ ಕುಳಿತು, ಬಲ್ಲವರ ಅಭ್ಯಾಸವನ್ನು ನೋಡುತ್ತಾನೆ. ಬಯಲಿನ ಆಟಕ್ಕೆ ಇದು ಸರಿ, ತರಗತಿಗೆ ಸರಿಯಲ್ಲ. ತಪ್ಪಿದವನು ಹೊರಗೆ ಹೋಗುವ ಬದಲು ಮುಂದಿನ ಆಜ್ಞೆಯನ್ನು ತಾನೇ ಹೇಳಲಿ. ಆಗ ಸೋಲು ಅಭ್ಯಾಸವಾಗುತ್ತದೆ. ಫ್ರೂಟ್ಸ್ ಬಾಸ್ಕೆಟ್ಟಿನ ಗುಣವೂ ಇದೇ. ಅಲ್ಲಿ ಕುರ್ಚಿ ಕಳೆದುಕೊಂಡವನಿಗೆ ಸಿಗುವುದು ಮಾತಾಡುವ ಸರದಿ.

ಇನ್ನು ಸಂಕೋಚದ ವಿಷಯ. ಎಲ್ಲರೆದುರು ತಪ್ಪಾಡುವ ಭಯ ಎಲ್ಲ ದೇಶದ ಮಕ್ಕಳಿಗೂ ಇದೆ. ಜಪಾನಿನ ಮಕ್ಕಳಲ್ಲಿ ಅದು ಇನ್ನೂ ಒಂದು ತೂಕ ಹೆಚ್ಚು ಎಂದು ಅಲ್ಲಿನ ಶಿಕ್ಷಕರೇ ಹೇಳುತ್ತಾರೆ. ಒಬ್ಬನನ್ನೇ ಎಬ್ಬಿಸಿ ನಿಲ್ಲಿಸಿ “ಹೇಳು” ಎಂದರೆ ಅವನಿಗೆ ಇಂಗ್ಲಿಷ್ ಎಂದರೆ ಬೆವರು ಎಂದೇ ನೆನಪಾಗಿ ಉಳಿಯುತ್ತದೆ. ಜೋಡಿಯಾಟದಲ್ಲಿ ಕೇಳುವವನು ಒಬ್ಬನೇ, ಅವನಿಗೂ ಅಷ್ಟೇ ಬರುತ್ತದೆ; ನಾಚಿಕೆಗೆ ಸಾಕ್ಷಿಗಳಿಲ್ಲ. ಮೇಷ್ಟರ ಲೆಕ್ಕವೊಂದನ್ನೂ ಹೇಳಿಬಿಡುತ್ತೇನೆ. ಅಲ್ಲಿ ಒಂದು ಅವಧಿ 45 ನಿಮಿಷ. ಮೂವತ್ತು ಮಕ್ಕಳನ್ನು ಒಬ್ಬೊಬ್ಬರಾಗಿ ಮಾತಾಡಿಸಿದರೆ ತಲೆಗೆ ಒಂದೂವರೆ ನಿಮಿಷ. 35 ಅವಧಿಗಳಿಗೆ ಲೆಕ್ಕ ಹಾಕಿದರೆ ವರ್ಷಕ್ಕೆ ಒಂದು ಗಂಟೆಯೂ ಆಗುವುದಿಲ್ಲ. ಪ್ರತಿ ಅವಧಿಯಲ್ಲಿ ಇಪ್ಪತ್ತೇ ನಿಮಿಷ ಜೋಡಿಯಾಟ ಆಡಿಸಿದರೆ ಒಬ್ಬೊಬ್ಬರಿಗೂ ಹತ್ತು ನಿಮಿಷ, ವರ್ಷಕ್ಕೆ ಸುಮಾರು ಆರು ಗಂಟೆ. ಆಟ ಕಾಲಹರಣ ಎನ್ನುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಈಗ ಜಪಾನಿನಲ್ಲಿ ಎದ್ದಿರುವ ಆತಂಕ ಬೇರೆ ಬಗೆಯದು. 5, 6ನೆಯ ತರಗತಿಗಳಲ್ಲಿ ಇಂಗ್ಲಿಷ್ ವಿಷಯವಾದೊಡನೆ ಮೂರು ಹಂತದ ಶ್ರೇಣಿಯೂ ಬಂದಿತು. ಪ್ರಾಥಮಿಕ ಹಂತದಲ್ಲೇ 600ರಿಂದ 700 ಪದಗಳ ಪರಿಚಯ ಆಗಬೇಕೆಂದು ಪಠ್ಯಕ್ರಮ ಹೇಳುತ್ತದೆ. ಪದಗಳ ಸಂಖ್ಯೆ ಏರಿದಾಗ ಮೊದಲು ಬಲಿಯಾಗುವುದು ಆಟ. ಆಟವನ್ನು ಬಿಟ್ಟು ಪಟ್ಟಿ ಹಿಡಿದರೆ, ಹಿಂದೆ ಏಳನೆಯ ವರ್ಷದಲ್ಲಿ ಆರಂಭವಾಗುತ್ತಿದ್ದ ಬೇಸರ ಈಗ ಎರಡು ವರ್ಷ ಮೊದಲೇ ಆರಂಭವಾದೀತು. ಶ್ರೇಣಿ ಕೊಡಲೇಬೇಕೆಂದಾದರೆ ಅಂಗಡಿಯಾಟದಲ್ಲಿ ಮಗು ಕೇಳಿತೇ, ಕೇಳಿಸಿಕೊಂಡಿತೇ, ಅರ್ಥವಾಗದಾಗ ಮತ್ತೆ ಕೇಳಿತೇ ಎಂಬುದನ್ನು ನೋಡಿ ಕೊಡಲಿ. ಆಟವೇ ಪರೀಕ್ಷೆಯ ಕೊಠಡಿಯಾಗಬಲ್ಲದು.

ಪ್ರಾಥಮಿಕ ಶಾಲೆಗೆ ಇಂಗ್ಲಿಷೇ ಬೇಡ ಎನ್ನುವ ವಿದ್ವಾಂಸರೂ ಅಲ್ಲಿದ್ದಾರೆ. ಗಣಿತಜ್ಞ ಫುಜಿವಾರಾ ಮಸಾಹಿಕೊ ಮೊದಲು ಸ್ವಂತ ಭಾಷೆಯ ಓದು ಗಟ್ಟಿಯಾಗಲಿ ಎಂದು ವಾದಿಸಿದವರು. ಭಾಷಾವಿಜ್ಞಾನಿ ಓತ್ಸು ಯುಕಿಯೊ, ಮಕ್ಕಳಿಗೆ ಮೊದಲು ಬರಬೇಕಾದದ್ದು ಮಾತೃಭಾಷೆಯ ಮೂಲಕ ಭಾಷೆ ಎಂಬುದರ ಬಗೆಗಿನ ಅರಿವು ಎನ್ನುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿ, ಕನ್ನಡ ಮಾಧ್ಯಮದಲ್ಲಿ ಕಲಿಸಿ ನಿವೃತ್ತನಾದ ನನಗೆ ಈ ಮಾತುಗಳಲ್ಲಿ ಗೌರವವಿದೆ. ಆದರೆ ಒಳ್ಳೆಯ ಆಟ ಈ ಅರಿವಿಗೆ ವಿರೋಧಿಯಲ್ಲ. ಹ್ಯಾಟ್ ಮತ್ತು ಹಟ್ ಬೇರೆ ಎಂದು ಕಿವಿಗೆ ಹೊಳೆದ ಮಗು, ತನ್ನ ಭಾಷೆ ಅವೆರಡನ್ನೂ ಏಕೆ ಒಂದು ಮಾಡಿತು ಎಂದು ಕೇಳುತ್ತದೆ. ಆ ಪ್ರಶ್ನೆ ಸ್ವಂತ ಭಾಷೆಯ ಬಾಗಿಲನ್ನೂ ತೆರೆಯುತ್ತದೆ. ವಾರಕ್ಕೊಂದು ಅವಧಿಯ ಆಟದಿಂದ ಜಪಾನಿ ಭಾಷೆಗೆ ಕುಂದು ಬರದು. ಕುಂದು ಬರುವುದು ಎಲ್ಲ ಪಾಠವನ್ನೂ ಪರಭಾಷೆಗೆ ಒಪ್ಪಿಸಿದಾಗ.

ಮಗಳಿಗೆ ನಾನು ಹೇಳಿದ್ದೂ ಇದನ್ನೇ. ಮೊಮ್ಮಗಳಿಗೆ ಇಂಗ್ಲಿಷ್ ಮನೆಯಿಂದ ಬರುತ್ತದೆ, ಪುಸ್ತಕದಿಂದ ಬರುತ್ತದೆ. ನೆರೆಹೊರೆಯ ಮೂವತ್ತು ಮಕ್ಕಳ ನಡುವೆ ಸಮನಾಗಿ ಕುಳಿತು, ಅವರ ನುಡಿಯಲ್ಲಿ ಗಣಿತ ಕಲಿತು, ರಾಮೆನ್ ಎಂದಾಗ ಅವರೊಡನೆ ಎದ್ದು ಓಡುವ ಭಾಗ್ಯ ಬೇರೆ ಶಾಲೆಯಲ್ಲಿ ಬೆಲೆ ಕೊಟ್ಟರೂ ಸಿಗದು. ಆರನೆಯ ತರಗತಿ ಮುಗಿಯುವವರೆಗಾದರೂ ಅಲ್ಲಿಯೇ ಇರಲಿ ಎಂಬುದು ನನ್ನ ಅಭಿಪ್ರಾಯ. ತೀರ್ಮಾನ ತಾಯಿತಂದೆಯರದು. ಇದನ್ನು ಓದುವ ಬಂಧುಗಳು ಅವಳಿಗೆ ಫೋನು ಮಾಡಿ ನನ್ನ ಪರವಾಗಿಯೋ ವಿರುದ್ಧವಾಗಿಯೋ ವಾದಿಸಬಾರದಾಗಿ ವಿನಂತಿ!

ನಮ್ಮ ನಾಡಿಗೂ ಈ ಮಾತು ದೂರದ್ದಲ್ಲ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಮೊಳೆತ ‘ನಲಿ-ಕಲಿ’ ಆಟಕ್ಕೂ ಪಾಠಕ್ಕೂ ನಂಟು ಕಟ್ಟಿದ ನಮ್ಮದೇ ಪ್ರಯೋಗ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಇಂಗ್ಲಿಷ್ ಒಂದನೆಯ ತರಗತಿಯಿಂದಲೇ ಇದೆ. ಪಟ್ಟಣದ ಫಲಕಗಳ ಮೇಲೆ ಇಂಗ್ಲಿಷ್ ಎಷ್ಟೇ ಮೆರೆಯಲಿ, ಹಳ್ಳಿಯ ಮಗುವಿನ ದಿನಚರಿಯಲ್ಲಿ ಅದಕ್ಕೆ ಕೆಲಸವಿಲ್ಲ. ಈ ಒಂದು ವಿಷಯದಲ್ಲಿ ಅದು ಜಪಾನಿನ ಮಗುವಿನ ಒಡಹುಟ್ಟು. ಅದಕ್ಕೂ ಮಾತಿನ ಅಗತ್ಯವನ್ನು ತರಗತಿಯಲ್ಲಿಯೇ ಕಟ್ಟಿಕೊಡಬೇಕು. ಇದಕ್ಕೆ ಜಪಾನಿನ ಹಣ ಬೇಡ. ಕರುತದ ಬದಲು ಹಳೆಯ ಕ್ಯಾಲೆಂಡರಿನ ಚಿತ್ರಗಳು ಸಾಕು, ಕುರ್ಚಿಗಳ ಬದಲು ನೆಲದ ಮೇಲೆ ಸೀಮೆಸುಣ್ಣದ ಚೌಕಗಳು ಸಾಕು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಈಗ ಶಿಕ್ಷಕರಾಗಿರುವವರು ಕೆಲವರಿದ್ದೀರಿ, ತಂದೆತಾಯಿಗಳಾಗಿರುವವರು ಹಲವರಿದ್ದೀರಿ. ಶಿಕ್ಷಕರು ಆಟವೊಂದನ್ನು ಆರಿಸುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ: ಬಾಯಿ ಮುಚ್ಚಿಕೊಂಡೇ ಇದನ್ನು ಗೆಲ್ಲಬಹುದೇ? ಸೋತ ಮಗು ಮುಂದಿನ ಹತ್ತು ನಿಮಿಷ ಏನು ಮಾಡುತ್ತಿರುತ್ತದೆ? ತರಗತಿಯ ಅತ್ಯಂತ ಮೌನಿಯಾದ ಮಗುವಿಗೂ ಇದರಲ್ಲಿ ಒಂದು ವಾಕ್ಯದ ಸರದಿ ಬರುತ್ತದೆಯೇ? ತಂದೆತಾಯಿಗಳಿಗೆ ನನ್ನದು ಒಂದೇ ಕೋರಿಕೆ. ಮಗು ಮನೆಗೆ ಬಂದು “ಇವತ್ತು ಆಟ ಆಡಿಸಿದರು” ಎಂದರೆ ಮುಖ ಸಿಂಡರಿಸಬೇಡಿ. “ಆಟದಲ್ಲಿ ನೀನು ಏನು ಹೇಳಿದೆ?” ಎಂದು ಕೇಳಿ. ಅದಕ್ಕೆ ಮಗುವಿನ ಬಳಿ ಉತ್ತರವಿದ್ದರೆ ಆ ದಿನ ಪಾಠವೂ ನಡೆದಿದೆ.